ಪಕ್ಕದ ಮನೆಯ ಉಪವಾಸ

ಉಳವಪ್ಪನಿಗೆ ಹೊಟ್ಟೆಕಿಚ್ಚು ಎಂಬುದು ಇರಲೇ ಇಲ್ಲ. ಹಾಗೆಂದು ಅವನೇ ಎಲ್ಲರಿಗೂ ಹೇಳುತ್ತಿದ್ದ. ಪಕ್ಕದ ಮನೆಯ ಬಸ್ತ್ಯಾಂವ ಹೊಸ ಸೈಕಲ್ಲು ತಂದ ದಿನ ಉಳವಪ್ಪನಿಗೆ ಊಟ ಸೇರದೆ ಹೋದದ್ದು ಪಿತ್ತದಿಂದ. ಬಸ್ತ್ಯಾಂವನ ಮನೆಗೆ ರೇಡಿಯೋ ಬಂದ ದಿನ ತಲೆ ಸಿಡಿದದ್ದು ಬಿಸಿಲಿನಿಂದ. ಪಕ್ಕದ ಮನೆಗೆ ಸಾಮಾನು ಬರುವ ದಿನವನ್ನೇ ನೋಡಿಕೊಂಡು ಪಿತ್ತ ಯಾಕೆ ಏರುತ್ತದೆ, ಬಿಸಿಲು ಯಾಕೆ ಬಡಿಯುತ್ತದೆ ಎಂದು ಕೇಳುವಷ್ಟು ಒರಟರು ನಾವಲ್ಲ.

ದಾಂಡೇಲಿಯಲ್ಲಿ ಕಾಗದದ ಮಿಲ್ಲು ಶುರುವಾಗಿ ಆಗಿನ್ನೂ ಎರಡು ಮೂರು ವರ್ಷ. ಕಾಡಿನ ನಡುವೆ ಏಕಾಏಕಿ ಎದ್ದ ಊರು. ಮಿಲ್ಲಿನವರು ಸಾಲಾಗಿ ಕಟ್ಟಿಸಿದ ಲೈನುಮನೆಗಳಲ್ಲಿ ಯಾರ ಪಕ್ಕಕ್ಕೆ ಯಾರು ಬಂದು ಬೀಳುತ್ತಾರೋ ದೇವರಿಗೇ ಗೊತ್ತು. ಉಳವಪ್ಪ ಧಾರವಾಡದ ಕಡೆಯ ಲಿಂಗಾಯತ, ಬಿದಿರಿನ ಯಾರ್ಡಿನಲ್ಲಿ ಕೆಲಸ. ಬಸ್ತ್ಯಾಂವ ಜೋಯಿಡಾ ಕಡೆಯ ಕೊಂಕಣಿ ಕ್ರೈಸ್ತ, ಮಿಲ್ಲಿನಲ್ಲಿ ಫಿಟ್ಟರ್. ಹಿಂದಿನ ಮಳೆಗಾಲದಲ್ಲಷ್ಟೇ ಹೆಂಡತಿ ಕ್ಲಾರಾಬಾಯಿ ಮತ್ತು ಮಕ್ಕಳನ್ನು ಕಟ್ಟಿಕೊಂಡು ಪಕ್ಕಕ್ಕೆ ಬಂದವನು. ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ. ಉಳವಪ್ಪ ತನ್ನ ಊರಿನಲ್ಲಿ ಕ್ರೈಸ್ತರನ್ನು ಕಂಡವನಲ್ಲ. ಅವರ ಬಗ್ಗೆ ಅವನಿಗೆ ಗೊತ್ತಿದ್ದುದು ಎರಡೇ ಸಂಗತಿ: ಮೀನು ತಿನ್ನುತ್ತಾರೆ; ಹೆಂಡತಿಯನ್ನು ಹೊರಗೆ ತಿರುಗಾಡಲು ಕರೆದೊಯ್ಯುತ್ತಾರೆ. ಮೊದಲನೆಯದನ್ನು ಅವನು ಹೇಗೋ ಕ್ಷಮಿಸಿದ್ದ.

ಚಳಿ ಕಳೆದು ಮುತ್ತುಗ ಹೂಬಿಡುವ ಕಾಲ ಬಂದದ್ದೇ, ಪ್ರತಿ ರವಿವಾರ ಬಸ್ತ್ಯಾಂವ ಇಸ್ತ್ರಿ ಅಂಗಿ ತೊಟ್ಟು, ಪಕ್ಕದಲ್ಲಿ ಕ್ಲಾರಾಬಾಯಿ, ಹಿಂದೆ ಸಾಲಾಗಿ ಮಕ್ಕಳು, ಕೈಯಲ್ಲಿ ತಿಂಡಿಯ ಡಬ್ಬಿ, ಹೀಗೆ ಮೌಳಂಗಿಯ ಹೊಳೆಯ ದಂಡೆಗೆ ಹೊರಡುತ್ತಿದ್ದ. ಉಳವಪ್ಪನ ಹೆಂಡತಿ ಶಂಕ್ರೆವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಾ ಆ ಮೆರವಣಿಗೆ ತಿರುವಿನಲ್ಲಿ ಮರೆಯಾಗುವತನಕ ನೋಡುತ್ತಿದ್ದಳು. ಆಮೇಲೆ ಒಳಗೆ ಬಂದು, ಕೌದಿ ಹೊದ್ದು ಮಲಗಿದ್ದ ಗಂಡನ ಕಿವಿಗೆ ಬೀಳುವಂತೆ ಮಾತಾಡುತ್ತಿದ್ದಳು.

"ಅವರೂ ಮಿಲ್ಲಿನಾಗ ದುಡಿಯೂ ಮಂದೀನ. ಹೆಂಡ್ತೀನ ಒಂದಿನ ಹೊರಗ ಕರ್ಕೊಂಡು ಹೋಗಬೇಕಂತ ಅವರಿಗೆ ತಿಳೀತೈತಿ. ನಮ್ಮವರಿಗೆ ಐತವಾರ ಬಂತಂದ್ರ ಕೌದಿ ಒಂದ ತಿಳೀತೈತಿ."

ಇದು ಉಳವಪ್ಪನ ಎದೆಗೆ ನಾಟುತ್ತಿತ್ತು. ಜಗತ್ತಿನಲ್ಲಿ ಅವನಿಗೆ ಬೇಕಾಗಿದ್ದುದು ಸಾಮಾನು ಸರಂಜಾಮಲ್ಲ. ಶಂಕ್ರೆವ್ವನ ಬಾಯಿಂದ ತನ್ನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು, ಅದೂ ಪಕ್ಕದ ಮನೆಗೆ ಕೇಳಿಸುವಂತೆ ಬರಬೇಕು, ಅಷ್ಟೇ. ಮದುವೆಯಾದಾಗಿನಿಂದ ಅವನು ಅದಕ್ಕೆ ಕಾಯುತ್ತಿದ್ದ.

ಆ ವರ್ಷ ಶಿವರಾತ್ರಿ ಸೋಮವಾರ ಬಂತು. ಉಪವಾಸವಿದ್ದ ದಿನ ಉಳವಪ್ಪನಿಗೆ ಉಪದೇಶ ಮಾಡುವ ಹುಮ್ಮಸ್ಸು ಉಕ್ಕುತ್ತಿತ್ತು, ಹೊಟ್ಟೆ ಖಾಲಿಯಿದ್ದಷ್ಟೂ ಮಾತು ಗಟ್ಟಿ. ಬೆಳಿಗ್ಗೆ ನಳದ ಹತ್ತಿರ ಬಸ್ತ್ಯಾಂವ ಸಿಕ್ಕಿಬಿದ್ದ. ಅವನ ಬಾಯಿತುಂಬ ಹಲ್ಲುಪುಡಿ. ಅಡ್ಡ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಇಂಥ ಶ್ರೋತೃ ದಿನಾ ಸಿಗುವುದಿಲ್ಲವೆಂದು ಉಳವಪ್ಪ ಮೀನಿನ ಜೀವದಿಂದ ಹಿಡಿದು ಮನುಷ್ಯನ ಜನ್ಮದ ತನಕ ಎಲ್ಲವನ್ನೂ ವಿವರಿಸಿದ. ಹೊಟ್ಟೆಯನ್ನು ಸ್ಮಶಾನ ಮಾಡಬಾರದೆಂದ. ಬಸ್ತ್ಯಾಂವ ತಲೆಯಾಡಿಸುತ್ತಾ ಎಲ್ಲವನ್ನೂ ಕೇಳಿ, ಬಾಯಿ ಮುಕ್ಕಳಿಸಿ, ತಾಳ್ಮೆಯಿಂದ ಹೇಳಿದ.

"ಖರೆ ಐತ್ರಿ ಉಳವಪ್ಪನ್ನೋರ. ನಾಡದ ಬುಧವಾರದಿಂದ ಮೀನಾ ಮಾಂಸಾ ಎಲ್ಲಾ ಬಿಡಾವನ ಅದೇನಿ."

ಉಳವಪ್ಪ ಬಿಂದಿಗೆ ತುಂಬಿ ಹರಿಯುವುದನ್ನೂ ಮರೆತು ನಿಂತ. ಆತ ಬಹಳ ಜನರಿಗೆ ಉಪದೇಶ ಮಾಡಿದ್ದ. ಅವನ ಮಾತು ಕೇಳಿ ಯಾರೂ ಇದುವರೆಗೆ ಒಂದು ಮೆಣಸಿನಕಾಯಿಯನ್ನೂ ಬಿಟ್ಟ ದಾಖಲೆಯಿರಲಿಲ್ಲ.

ಬುಧವಾರ ಬಸ್ತ್ಯಾಂವ ನಸುಕಿನಲ್ಲೇ ಸೈಕಲ್ಲು ಹತ್ತಿ ಎಲ್ಲಿಗೋ ಹೋಗಿ ಬಂದ. ಬಂದವನ ಹಣೆಯ ಮೇಲೆ ಬೂದಿ! ಉಳವಪ್ಪ ಕಣ್ಣುಜ್ಜಿಕೊಂಡು ನೋಡಿದ. ವಿಭೂತಿ ಸ್ವಲ್ಪ ಕಪ್ಪಾಗಿತ್ತು, ಮೂರು ಬೆರಳು ಬೇಕಾದಲ್ಲಿ ಒಂದೇ ಬೆರಳು ಬಳಸಿದ್ದ, ಅದೂ ಬೆವರಿಗೆ ಕಲಸಿಹೋಗಿತ್ತು. ಆದರೇನು, ಹೊಸಬ. ಪಾಪ, ಒಳ್ಳೆಯ ವಿಭೂತಿ ಸಿಗದೆ ಒಲೆಯೊಳಗಿನದನ್ನೇ ಹಚ್ಚಿಕೊಂಡಿದ್ದಾನೆ ಎಂದು ಉಳವಪ್ಪನ ಕಣ್ಣು ತೇವವಾಯಿತು.

ಈಸ್ಟರ್ ಹಬ್ಬಕ್ಕೆ ಮುಂಚಿನ ಒಂದೂವರೆ ತಿಂಗಳು ಕ್ರೈಸ್ತರು ಉಪವಾಸ ಹಿಡಿಯುತ್ತಾರೆ, ಅದರ ಮೊದಲ ದಿನ ಪಾದ್ರಿ ಹಣೆಗೆ ಬೂದಿ ಹಚ್ಚುತ್ತಾರೆ ಎಂಬುದು ಲೈನಿನಲ್ಲಿ ಬಸ್ತ್ಯಾಂವನ ಮನೆಯವರಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಯಾರ್ಡಿನಲ್ಲಿ ಸುದ್ದಿ ಹರಡುವ ಕೆಲಸವನ್ನು ಉಳವಪ್ಪ ಯಾರಿಗೂ ಬಿಟ್ಟುಕೊಡಲಿಲ್ಲ. ಬೆಳಿಗ್ಗೆ ಹೇಳಿದಾಗ ಬಸ್ತ್ಯಾಂವ ಅವನ ಮಾತಿಗೆ ಒಪ್ಪಿದ್ದ. ಮಧ್ಯಾಹ್ನದ ಹೊತ್ತಿಗೆ ಕಾಲಿಗೆ ಬಿದ್ದಿದ್ದ. ಪಾಳಿ ಮುಗಿಯುವಷ್ಟರಲ್ಲಿ ಕಾಲು ಬಿಡದೆ ಅತ್ತಿದ್ದ. ಆದರೆ ಈ ಬಗ್ಗೆ ಬಸ್ತ್ಯಾಂವನನ್ನು ಯಾರೂ ನೇರವಾಗಿ ಕೇಳಕೂಡದೆಂದು ಉಳವಪ್ಪ ಎಲ್ಲರಿಂದಲೂ ಮಾತು ತೆಗೆದುಕೊಂಡ. ಹೊಸ ಭಕ್ತಿ, ಬಾಯಿಬಿಟ್ಟು ಕೇಳಿದರೆ ನಾಚಿಕೊಂಡು ಬಿಟ್ಟುಬಿಟ್ಟಾನು ಎಂಬುದು ಅವನ ಅಂಜಿಕೆ.

ವಾರ ಕಳೆಯಿತು, ಎರಡು ವಾರ ಕಳೆಯಿತು. ಪಕ್ಕದ ಮನೆಯಿಂದ ಮೀನಿನ ವಾಸನೆ ಬರಲಿಲ್ಲ. ಕಾರವಾರದ ಒಣಮೀನು ಮಾರುವವಳು ಬಾಗಿಲಿಗೆ ಬಂದು ಬರಿಗೈಯಲ್ಲಿ ಹಿಂದಿರುಗಿದ್ದನ್ನು ಲೈನಿನ ಹಿರಿಯಳಾದ ಮುದಕವ್ವ ಕಣ್ಣಾರೆ ಕಂಡು ಸಾರಿದಳು. ಸುದ್ದಿ ಹಳಿಯಾಳಕ್ಕೆ ಮುಟ್ಟಿ, ಅಲ್ಲಿಂದ ಬಸಲಿಂಗಯ್ಯನವರೇ ಬಂದರು. ಲೈನಿನ ಲಿಂಗಾಯತ ಮನೆಗಳ ಮದುವೆ-ದೀಕ್ಷೆ, ಸಾವು-ನೋವಿಗೆಲ್ಲ ಬರುವ ಅಯ್ಯನವರು ಅವರು. ಉಳವಪ್ಪ ಹೊಸ ಧೋತರ ಉಟ್ಟು, ಹೊಗಳಿಕೆಯನ್ನು ಬರಮಾಡಿಕೊಳ್ಳಲು ಬಾಗಿಲಲ್ಲಿ ನಿಂತ.

ಹೊಗಳಿಕೆ ಬಂತು. ಆದರೆ ಅದು ಉಳವಪ್ಪನ ಮನೆ ದಾಟಿ ಪಕ್ಕದ ಮನೆಗೆ ಹೋಯಿತು. ಅಯ್ಯನವರು ಕಟ್ಟೆಯ ಮೇಲೆ ಕೂತು, ಮೀನಿನಲ್ಲೇ ಹುಟ್ಟಿ ಬೆಳೆದವನು ಅದನ್ನು ಬಿಡುವುದೆಂದರೆ ಏನು ಸಾಮಾನ್ಯವೇ ಎಂದರು. ಶುಕ್ರವಾರ ಆತ ಒಂದೇ ಹೊತ್ತು ಉಣ್ಣುತ್ತಾನೆಂದು ಮುದಕವ್ವ ಸೇರಿಸಿದಳು. ಸಂಜೆ ಮಕ್ಕಳನ್ನು ಕೂರಿಸಿಕೊಂಡು ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಾನೆಂದು ಇನ್ನೊಬ್ಬಳು ಸೇರಿಸಿದಳು. ಕೊನೆಗೆ ಅಯ್ಯನವರು ಉಳವಪ್ಪನ ಕಡೆ ತಿರುಗಿದರು.

"ಅಲ್ಲೋ ಉಳವಪ್ಪ, ನೀ ಹುಟ್ಟಾ ಲಿಂಗಾಯತ. ನೀ ಏನು ಬಿಟ್ಟಿ?"

ಉಳವಪ್ಪ ಬಾಯಿ ತೆರೆದ. ಬಾಯಲ್ಲಿ ತಂಬಾಕಿತ್ತು. ಮುಚ್ಚಿದ. ಒಳಗಿನಿಂದ ಶಂಕ್ರೆವ್ವ, ಬಿಡೂದು ಅಂದ್ರ ನಮ್ಮವರಿಗೆ ಗೊತ್ತಿರೂದು ಕೆಲಸ ಬಿಡೂದೊಂದರೀ ಎಂದಳು. ಎಲ್ಲರೂ ನಕ್ಕರು. ಯುಗಾದಿಯ ದಿನವಂತೂ ಗಂಡನ ತಾಟಿಗೆ ಬೀಳುವ ಮೊದಲೇ ಹೋಳಿಗೆಯ ತಟ್ಟೆ ಗೋಡೆಯಾಚೆಗೆ ಹೋಯಿತು. ಕಷ್ಟಪಟ್ಟು ಉಪವಾಸ ಇರೋರು ಮೊದಲು ತಿನ್ನಲಿ ಎಂಬುದು ಶಂಕ್ರೆವ್ವನ ನ್ಯಾಯ. ಲೋಕದಲ್ಲಿ ಶಿಷ್ಯನನ್ನು ಕಂಡು ಹೊಟ್ಟೆ ಉರಿದುಕೊಂಡ ಗುರುಗಳು ಇದ್ದಾರು. ಆದರೆ ಉಳವಪ್ಪನಷ್ಟು ಬೇಗ ಉರಿದುಕೊಂಡವರು ಇರಲಾರರು.

ಅಯ್ಯನವರು ಬಂದುಹೋದ ಮರುದಿನವೇ ಅವನು ಚಹಾ ಬಿಟ್ಟಿದ್ದ, ಬಿಟ್ಟದ್ದನ್ನು ಗೋಡೆಗೆ ಕೇಳುವಂತೆ ಹೇಳಿಯೂ ಇದ್ದ. ಅದಾಗಿ ಕೆಲವೇ ದಿನಕ್ಕೆ ಬಸ್ತ್ಯಾಂವ ಬೀಡಿ ಬಿಟ್ಟ ಸುದ್ದಿ ಬಂತು. ಉಳವಪ್ಪ ಹಲ್ಲು ಕಚ್ಚಿ ತಂಬಾಕು ಬಿಟ್ಟ. ಬಸ್ತ್ಯಾಂವ ಫೆನಿ ಸಾರಾಯಿಯ ಬಾಟ್ಲಿಯನ್ನು ಅಟ್ಟಕ್ಕೆ ಏರಿಸಿದ. ಅಟ್ಟಕ್ಕೆ ಏರಿಸಲು ತನ್ನ ಹತ್ತಿರ ಬಾಟ್ಲಿಯೇ ಇಲ್ಲವಲ್ಲ ಎಂದು ಉಳವಪ್ಪ ಮೊದಲ ಸಲ ಮರುಗಿ, ಕ್ಯಾಂಟೀನಿನ ಮಿರ್ಚಿಭಜಿಯನ್ನು ತ್ಯಾಗ ಮಾಡಿದ. ಬಸ್ತ್ಯಾಂವ ಚಾಪೆಯ ಮೇಲೆ ಮಲಗತೊಡಗಿದ. ಉಳವಪ್ಪ ಚಾಪೆಯನ್ನೂ ತೆಗೆದ. ಮೈಕೈ ನೋವು, ತಂಬಾಕಿಲ್ಲದ ತಲೆನೋವು, ಚಹಾ ಇಲ್ಲದ ಮಂಪರು ಎಲ್ಲ ಸೇರಿ ಒಂದು ಮಧ್ಯಾಹ್ನ ಅವನು ಬಿದಿರಿನ ಅಟ್ಟಿಯ ಮೇಲೆಯೇ ನಿದ್ದೆಹೋದ. ಮೇಸ್ತ್ರಿ ಎಬ್ಬಿಸಿ, ಇದೇನು ಯಾರ್ಡೋ ಛತ್ರವೋ ಎಂದು ಗದರಿದ. ಆ ಹೊತ್ತಿಗೆ ಬಸ್ತ್ಯಾಂವ ಸ್ಪ್ಯಾನರ್ ಹಿಡಿದು ಎದುರಿಗೇ ಹಾದುಹೋದದ್ದು ಗದರಿಕೆಗಿಂತ ಹೆಚ್ಚು ನೋಯಿಸಿತು.

ಇಂಥದ್ದರಲ್ಲಿ ಬಸ್ತ್ಯಾಂವ ಒಂದು ದಿನ ತಾನಾಗಿಯೇ ಬಂದು, ತಮ್ಮ ಉಪವಾಸ ಬರುವ ತಿಂಗಳ ಮೊದಲ ರವಿವಾರ ಮುಗಿಯುತ್ತದೆ, ಅಂದು ಉಳವಪ್ಪ ಮನೆಮಂದಿಯನ್ನೂ ಬೇಕಾದವರನ್ನೂ ಕರೆದುಕೊಂಡು ಬರಲೇಬೇಕು, ನಿಮಗೆಂದು ಬೇರೆಯೇ ಪಾತ್ರೆಯಲ್ಲಿ ಅಡಿಗೆ ಆಗುತ್ತದೆ, ಅದಕ್ಕೂ ಮುಂಚೆ ಹೊಸ ಬಟ್ಟೆಬರೆ ತರಲು ಬೆಳಗಾವಿಗೆ ಹೊರಟಿದ್ದೇವೆ ಎಂದು ಹೇಳಿಹೋದ. ಉಳವಪ್ಪನಿಗೆ ಎಲ್ಲ ಹೊಳೆಯಿತು. ಬಸ್ತ್ಯಾಂವನ ಲಿಂಗದೀಕ್ಷೆಗೆ ದಿನ ಗೊತ್ತಾಗಿದೆ! ಅಯ್ಯನವರಿಗೆ ಆ ರವಿವಾರವನ್ನೇ ತಿಳಿಸಿದ. ತಿಳಿಸಿದ ಮೇಲೆ ಇನ್ನೊಂದು ಯೋಚನೆ ಕುಟುಕಿತು. ಶಿಷ್ಯ ಬೆಳಗಾವಿಗೆ ಹೋಗಿ ಎಲ್ಲವನ್ನೂ ತಾನೇ ಕೊಂಡು ತಂದರೆ ಗುರುವಿಗೆ ಏನು ಉಳಿಯಿತು? ಅದೂ ಅಲ್ಲದೆ ಬೆಳಗಾವಿ ಎಂಬ ಹೆಸರು ಗೋಡೆಯಾಚೆಯಿಂದ ಕೇಳಿದಾಗಿನಿಂದ ಶಂಕ್ರೆವ್ವ ಪಾತ್ರೆಗಳನ್ನು ಇಡುತ್ತಿರಲಿಲ್ಲ, ಕುಕ್ಕುತ್ತಿದ್ದಳು.

ಹೀಗಾಗಿ ಶನಿವಾರದ ರೈಲಿನಲ್ಲಿ ಎರಡೂ ಕುಟುಂಬಗಳು ಕೂತವು. ಬಸ್ತ್ಯಾಂವನವರು ಕಿಟಕಿಯ ಹತ್ತಿರ. ಉಳವಪ್ಪನವರು ಎದುರಿನ ಕಿಟಕಿಯ ಹತ್ತಿರ, ಒಬ್ಬ ಮುದುಕನನ್ನು ಎಬ್ಬಿಸಿ.

ಬೆಳಗಾವಿಯಲ್ಲಿ ಬಸ್ತ್ಯಾಂವ ಟಾಂಗಾ ಹಿಡಿದ. ಉಳವಪ್ಪನೂ ಟಾಂಗಾ ಹಿಡಿದು, ಮುಂದಿನ ಟಾಂಗಾ ಹೋದಲ್ಲಿಗೆ ಹೊಡಿ ಎಂದ. ಬಸ್ತ್ಯಾಂವ ಸ್ಟುಡಿಯೋಕ್ಕೆ ಹೋಗಿ ಕುಟುಂಬದ ಫೋಟೋ ತೆಗೆಸಿದ. ಅವನು ಕುರ್ಚಿಯಲ್ಲಿ, ಕ್ಲಾರಾಬಾಯಿ ಹಿಂದೆ ನಿಂತು ಅವನ ಹೆಗಲ ಮೇಲೆ ಕೈಯಿಟ್ಟು. ತಮಗೂ ಅದೇ ನಮೂನೆ ಬೇಕೆಂದು ಉಳವಪ್ಪ ಹಟ ಹಿಡಿದ. ಶಂಕ್ರೆವ್ವ ನಿಂತಳು, ಆದರೆ ಮಂದಿಯ ಎದುರು ಹೆಗಲ ಮೇಲೆ ಕೈಯಿಡಲು ಒಪ್ಪಲಿಲ್ಲ. ಫೋಟೋದವನು ಬೇಡಿಕೊಂಡಾಗ ಕೈಯನ್ನು ಕುರ್ಚಿಯ ಕಟ್ಟಿಗೆಯ ಮೇಲಿಟ್ಟಳು. ಆ ಫೋಟೋ ಈಗಲೂ ಇದೆ. ಶಂಕ್ರೆವ್ವ ಕುರ್ಚಿಯ ಧಣಿಯಂತೆಯೂ ಉಳವಪ್ಪ ಅದನ್ನು ಕೊಳ್ಳಲು ಬಂದವನಂತೆಯೂ ಕಾಣುತ್ತಾರೆ.

ಸಂಜೆ ಕೋಟೆಕೆರೆಯ ದಂಡೆಯಲ್ಲಿ ತಂಪುಗಾಳಿ, ಬಣ್ಣಬಣ್ಣದ ಜನ. ಮಕ್ಕಳಿಗೆಲ್ಲ ಐಸ್‌ಕ್ರೀಂ ಬಂತು. ಉಳವಪ್ಪನೂ ಒಂದು ತೆಗೆದುಕೊಂಡು, ಕಟ್ಟಿಗೆಯ ಚಮಚ ಬಾಯಿಯ ಹತ್ತಿರ ತಂದು, ವಾಡಿಕೆಯಂತೆ ಬಸ್ತ್ಯಾಂವನ ಕಡೆ ನೋಡಿದ. ಬಸ್ತ್ಯಾಂವ ತಿನ್ನುತ್ತಿರಲಿಲ್ಲ. ಉಪವಾಸ ಮುಗಿಯುವತನಕ ಸಿಹಿಯೂ ಇಲ್ಲವಂತೆ. ಉಳವಪ್ಪ ಚಮಚವನ್ನು ಇಳಿಸಿದ. ಕಣ್ಣೆದುರಿಗೇ ಅದು ಕರಗತೊಡಗಿದಾಗ ಶಂಕ್ರೆವ್ವ ಕೈಯಿಂದ ಕಸಿದುಕೊಂಡು ತಿಂದಳು. ತಿನ್ನುತ್ತಾ ಕೆರೆಯ ಕಡೆ ನೋಡಿ, ಬಸ್ತ್ಯಾಂವನ್ನೋರ ದೆಸಿಂದ ನಾನೂ ಬೆಳಗಾವಿ ನೋಡಿದಂಗಾತು ಎಂದಳು. ಟಾಂಗಾ ಹಿಡಿದವನು ಉಳವಪ್ಪ, ಐಸ್‌ಕ್ರೀಂ ಕೊಡಿಸಿದವನು ಉಳವಪ್ಪ, ಹೆಸರು ಬಸ್ತ್ಯಾಂವನದು. ಕೆರೆಗೆ ಹಾರುವುದೊಂದು ಬಾಕಿಯಿತ್ತು. ಬಸ್ತ್ಯಾಂವ ಮೊದಲು ಹಾರಲಿ ಎಂದು ತಡೆದುಕೊಂಡ.

ಮರುದಿನ ಬೆಳಿಗ್ಗೆ, ಈಸ್ಟರಿಗೆ ವಾರ ಮುಂಚಿನ ಗರಿಗಳ ಹಬ್ಬಕ್ಕೆ, ಕ್ಯಾಂಪಿನ ದೊಡ್ಡ ಇಗರ್ಜಿಯ ಮುಂದೆ ನೂರಾರು ಜನ ಕೈಯಲ್ಲಿ ತೆಂಗಿನ ಗರಿ ಹಿಡಿದು ಒಳಗೆ ಹೋಗುತ್ತಿದ್ದರು. ಬಸ್ತ್ಯಾಂವನವರೂ ಗರಿ ಹಿಡಿದು ಒಳಗೆ ಹೋದರು. ಉಳವಪ್ಪ ರಸ್ತೆಯ ಈಚೆಯೇ ನಿಂತ. ಶಿಷ್ಯ ಕೈಬಿಟ್ಟನೇ? ಆದರೆ ಯೋಚಿಸಿದಷ್ಟೂ ಸಮಾಧಾನವಾಯಿತು.

"ಹಳೇ ದೇವರಿಗೆ ಹೇಳಿ ಬರಾಕ ಹೋಗ್ಯಾನ," ಎಂದು ಹೆಂಡತಿಗೆ ತಿಳಿಸಿದ.

"ಎಷ್ಟು ಮರ್ಯಾದಸ್ತರು ನೋಡ್ರಿ," ಎಂದಳು ಶಂಕ್ರೆವ್ವ. "ನೀವಾಗಿದ್ರ ಹೇಳದ ಕೇಳದ ಎದ್ದು ಬರತಿದ್ರಿ."

ವಾರ ಕಳೆದು, ಗೊತ್ತಾಗಿದ್ದ ಆ ರವಿವಾರ ಬಂತು. ಬಸಲಿಂಗಯ್ಯನವರು ಪೂಜೆಯ ಪೆಟ್ಟಿಗೆ ಹಿಡಿದು ಮುಂದೆ, ಅವರ ಪಕ್ಕಕ್ಕೆ ಹಾರ ಹಿಡಿದ ಉಳವಪ್ಪ, ಹಿಂದೆ ಶಂಕ್ರೆವ್ವ, ಮುದಕವ್ವ ಮತ್ತು ಲೈನಿನ ಅರ್ಧ ಜನ. ಉಳವಪ್ಪನ ಮನೆಯಿಂದ ಬಸ್ತ್ಯಾಂವನ ಮನೆಗೆ ನಾಲ್ಕು ಹೆಜ್ಜೆಯ ದಾರಿ. ಮೆರವಣಿಗೆ ಸಾಲದೆಂದು ಉಳವಪ್ಪ ಎಲ್ಲರನ್ನೂ ನಳದ ಹತ್ತಿರದಿಂದ ಸುತ್ತುಹಾಕಿಸಿ ಕರೆತಂದ.

ಬಾಗಿಲ ಹತ್ತಿರ ಬಂದಾಗ ಒಳಗಿನಿಂದ ಘಮಘಮ ಮಸಾಲೆಯ ವಾಸನೆ ಬಂತು. ಅಯ್ಯನವರ ಹೆಜ್ಜೆ ನಿಂತಿತು. ಬದನೆಕಾಯಿ ಇರಬೇಕೆಂದು ಉಳವಪ್ಪ ಅವಸರದಿಂದ ಹೇಳಿದ. ಮುದಕವ್ವ ಕಿಟಕಿಯಿಂದ ಅಡಿಗೆಮನೆಗೆ ಇಣುಕಿದಳು.

"ಬದನೀಕಾಯಿಗೆ ಕಾಲು ಇರೂದಿಲ್ಲೋ ತಮ್ಮಾ," ಎಂದು ಸೆರಗನ್ನು ಮೂಗಿಗೆ ಹಿಡಿದು ಹಿಂದೆ ಸರಿದಳು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಹೊಸ ಕೋಟು ತೊಟ್ಟ ಬಸ್ತ್ಯಾಂವ, ಹೊಸ ಬಟ್ಟೆಯ ಕ್ಲಾರಾಬಾಯಿ, ಬಿಳಿ ಫ್ರಾಕು ತೊಟ್ಟ ಮಗಳು. ಇಷ್ಟು ಮಂದಿಯನ್ನು ಕಂಡು ಕ್ಲಾರಾಬಾಯಿಯ ಕಣ್ಣು ತುಂಬಿತು. ತಮ್ಮ ಈಸ್ಟರ್ ಹಬ್ಬಕ್ಕೆ ಊರಿನಲ್ಲೂ ಇಷ್ಟು ಜನ ಬಂದದ್ದಿಲ್ಲ ಎಂದಳು. ಅವರ ಹಿಂದಿನಿಂದ ಬಿಳಿಯ ನಿಲುವಂಗಿಯ ಪಾದ್ರಿಯೊಬ್ಬರು ಹೊರಗೆ ಬಂದರು.

"ಫಾದರ್, ನಾ ಹೇಳಿದ್ದು ಇವರನ್ನ," ಎಂದು ಬಸ್ತ್ಯಾಂವ ಹೆಮ್ಮೆಯಿಂದ ಉಳವಪ್ಪನನ್ನು ಮುಂದಕ್ಕೆ ಎಳೆದ. "ನಮ್ಮ ಸಂಗಾಟ ಇಡೀ ಉಪಾಸ ಹಿಡದಾರ. ಚಹಾ ಬಿಟ್ರು, ತಂಬಾಕ ಬಿಟ್ರು, ನೆಲದ ಮ್ಯಾಲೆ ಮಲಗಿದ್ರು. ಬೆಳಗಾವಿ ಇಗರ್ಜಿ ಮಟಾನೂ ಬಂದಿದ್ರು, ಸಂಕೋಚಕ್ಕ ಹೊರಗ ನಿಂತ್ರು. ಬಾಯಿ ಬಿಟ್ಟು ಕೇಳಿದ್ರ ನಾಚ್ಕೋತಾರಂತ ನಾವೂ ಏನೂ ಕೇಳಲಿಲ್ಲ. ನೀವ ಒಂದು ಆಶೀರ್ವಾದ ಮಾಡಿ ಸೇರಿಸ್ಕೋಬೇಕು."

ಪಾದ್ರಿ ಕೈಯೆತ್ತಿದರು. ಈಚೆಯಿಂದ ಅಯ್ಯನವರು ಪೆಟ್ಟಿಗೆ ಎತ್ತಿದರು. ನಡುವೆ ಉಳವಪ್ಪ ಹಾರ ಹಿಡಿದು ನಿಂತಿದ್ದ. ಅದನ್ನು ಯಾರ ಕೊರಳಿಗೆ ಹಾಕಬೇಕೋ ತಿಳಿಯದೆ ತನ್ನ ಕೊರಳಿಗೇ ಹಾಕಿಕೊಂಡ.

ಯಾರು ಯಾರನ್ನು ಸೇರಿಸಿಕೊಳ್ಳಲು ಬಂದಿದ್ದಾರೆ ಎಂಬುದು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಬೂದಿಯ ಕಥೆಯನ್ನು ಪಾದ್ರಿ ವಿವರಿಸಿದರು. ಶಿವರಾತ್ರಿಯ ಉಪದೇಶವನ್ನು ಉಳವಪ್ಪ ತೊದಲಿದ. ಮೊದಲು ನಕ್ಕವರು ಬಸಲಿಂಗಯ್ಯನವರು. ಒಮ್ಮೆ ನಗು ಶುರುವಾದ ಮೇಲೆ ಪಾದ್ರಿಗೂ ತಡೆಯಲಾಗಲಿಲ್ಲ. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತರು. ಈಗಿನ ಕಾಲದಲ್ಲಿ ನೆಟ್ಟಗೆ ಉಪವಾಸ ಮಾಡುವವರು ಎಲ್ಲಿದ್ದಾರೆ ಎಂದು ಅಯ್ಯನವರು ನಿಟ್ಟುಸಿರಿಟ್ಟರೆ, ನಮ್ಮಲ್ಲೂ ಅದೇ ಗೋಳು ಎಂದು ಪಾದ್ರಿ ನಿಟ್ಟುಸಿರಿಟ್ಟರು. ಆಮೇಲೆ ಅಯ್ಯನವರು ಉಳವಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು, ಶಿವನಿಗಾಗಿಯೂ ಅಲ್ಲ, ಇವರ ದೇವರಿಗಾಗಿಯೂ ಅಲ್ಲ, ಹಾಗಾದರೆ ಇಷ್ಟೆಲ್ಲ ಬಿಟ್ಟದ್ದು ಯಾರಿಗಾಗಿ ಎಂದು ಕೇಳಿದರು.

ಉಳವಪ್ಪ ನೆಲ ನೋಡಿದ. ಹೊಟ್ಟೆಕಿಚ್ಚೆಂದು ಲೈನಿನ ಎದುರು ಹೇಗೆ ಹೇಳುವುದು? ಆಗ ಬಸ್ತ್ಯಾಂವ ಹತ್ತಿರ ಬಂದು ಅವನ ಕೈಹಿಡಿದ.

"ಯಾರಿಗಾದ್ರೂ ಆಗಲಿ ಬಿಡ್ರಿ. ನನ್ನ ಜೀವಾ ಮಾತ್ರ ತಗದ್ರಿ ನೀವು. ನಾ ಬಿಟ್ಟಿದ್ದು ಮೀನಾ ಮಾಂಸಾ ಅಷ್ಟ. ನೀವು ಚಹಾ ಬಿಟ್ಟ ದಿನದಿಂದ ಕ್ಲಾರಾ ನನ್ನ ಕುಂತ್ರ ಕುಂದ್ರಗೊಡಲಿಲ್ಲ, ನಿಂತ್ರ ನಿಲ್ಲಗೊಡಲಿಲ್ಲ. ಉಳವಪ್ಪನ್ನೋರನ್ನ ನೋಡ್ರಿ, ಗಂಡಸಂದ್ರ ಅವರು, ಮನಸ್ಸು ಎಷ್ಟು ಗಟ್ಟಿ ಐತಿ ಅಂತ. ಬೀಡಿ ಬಿಟ್ಟಿದ್ದು ನಿಮ್ಮ ದೆಸಿಂದ. ಫೆನಿ ಬಿಟ್ಟಿದ್ದು ನಿಮ್ಮ ದೆಸಿಂದ. ನಿಮ್ಮ ಹೆಸರು ಕೇಳಿದ್ರ ನನ್ನ ಹೊಟ್ಟೀಗೆ ಬೆಂಕಿ ಬಿದ್ದಂಗ ಆಗತಿತ್ರಿ."

ಉಳವಪ್ಪ ತಲೆಯೆತ್ತಿದ. ಸೈಕಲ್ಲು, ರೇಡಿಯೋ, ಕೋಟೆಕೆರೆ ಎಲ್ಲ ಒಂದೇ ಏಟಿಗೆ ಸಣ್ಣದಾದವು. ಗೋಡೆಯ ಆಚೆಗೂ ಒಂದು ಹೊಟ್ಟೆ ಉರಿದಿತ್ತು, ಅದೂ ತನ್ನನ್ನು ನೋಡಿ! ಅವನಿಗೆ ಬಸ್ತ್ಯಾಂವನ ಮೇಲೆ ಒಮ್ಮೆಲೇ ಅಪಾರ ಪ್ರೀತಿ ಹುಟ್ಟಿತು. ಕ್ಲಾರಾಬಾಯಿ ಹೇಳಿದ್ದೇನೆಂದು ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕೆಂದು ವಿನಂತಿಸಿ, ಶಂಕ್ರೆವ್ವನಿಗೆ ಚೆನ್ನಾಗಿ ಕೇಳುವಂತೆ ಪಕ್ಕಕ್ಕೆ ಸರಿದು ನಿಂತ. ಬಸ್ತ್ಯಾಂವ ಪಾಪ ಎರಡು ಸಲ ಹೇಳಿದ.

ಬೇರೆ ಪಾತ್ರೆಯಲ್ಲಿ ಮಾಡಿದ ಪಾಯಸ ಉಂಡು ಎಲ್ಲರೂ ಚದುರಿದರು. ಮನೆಗೆ ಬಂದ ಉಳವಪ್ಪ ಕೊರಳ ಹಾರವನ್ನೂ ತೆಗೆಯದೆ ಕೂತ. ಶಂಕ್ರೆವ್ವ ಬಹಳ ದಿನದ ಮೇಲೆ ಅವನಿಗೆ ಚಹಾ ಮಾಡಿ ತಂದಿಟ್ಟಳು. ಅವನು ಕಪ್ಪಿನಿಂದ ಬಸಿಯಲ್ಲಿ ಹಾಕಿಕೊಂಡು ಒಂದು ಗುಟುಕು ಹೀರಿ ಕಾದ. ಅವಳು ಪಾತ್ರೆ ಜೋಡಿಸತೊಡಗಿದಳು. ಇನ್ನೊಂದು ಗುಟುಕು ಹೀರಿ ಕಾದ. ಕೊನೆಗೆ ತಡೆಯದೆ ತಾನೇ ಕೇಳಿದ.

"ಕ್ಲಾರಾಬಾಯಿ ನನ್ನ ಬಗ್ಗೆ ಏನಂದ್ಲು, ಕೇಳಿದಿಲ್ಲ?"

"ಕೇಳ್ದೆ," ಎಂದಳು ಶಂಕ್ರೆವ್ವ. "ಪಾಪ, ಆಕಿ ನಿಮ್ಮನ್ನ ಗ್ವಾಡಿ ಆಚೀ ಕಡಿಂದ ಅಷ್ಟ ನೋಡ್ಯಾಳ."

ಹೀಗೆಂದು, ಅವನು ಕೇಳದಿದ್ದರೂ, ಖಾಲಿಯಾದ ಬಸಿಗೆ ಇನ್ನಷ್ಟು ಚಹಾ ಬಗ್ಗಿಸಿದಳು.